1986ರಲ್ಲಿ ಮಾತು ಕೊಟ್ಟವನೂ ಇವತ್ತಿನ ನಾನೂ ಒಬ್ಬನೇ ಏನು?

ಕಾರಟಗಿ ಕಾಲುವೆ · ಸೋಮವಾರ, ರಾತ್ರಿ 9:40

ಎಲ್ಲರಿಗೂ ಶರಣು. ಬರಿಯೋದೋ ಬ್ಯಾಡೋ ಅಂತ ನಾಕು ದಿನ ಒದ್ದಾಡಿ ಬರಿಯಾಕತ್ತೀನಿ. ದಯವಿಟ್ಟು ಪೂರಾ ಓದಿ ಹೇಳ್ರಿ.

ಹೋದ ವಾರ ಸಿರುಗುಪ್ಪಕ್ಕ ನನ್ನ ತಂಗಿ ಮನಿಗೆ ಹೋಗಿದ್ದೆ. ಮನಿಗೆ ಸುಣ್ಣ ಹಚ್ಚಿಸಾಕತ್ತಿದ್ಲು, ಟ್ರಂಕಿನಾಗಿನ ಸಾಮಾನೆಲ್ಲಾ ಕಟ್ಟಿ ಮ್ಯಾಲೆ ಹರವಿತ್ತು. ಅದರಾಗ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ಸಿಕ್ತು. ಮಡಿಕಿ ಸವದು ಮೂರು ತುಂಡಾಗಾಕ ಬಂದೈತಿ. ತಾರೀಖು 14-2-1986. ಬರದಾವ ನಾನು. ಆಗ ನನಗ 23, ಈಗ 62.

ಹಿನ್ನೆಲಿ ಹೇಳ್ತೀನಿ. ಆ ವರ್ಷ ಎಡದಂಡೆ ಕಾಲುವಿ ಕೆಳಗ ನಾಕು ಎಕರೆ ಹೊಲ ಮಾರಾಟಕ್ಕ ಬಂದಿತ್ತು. ನನ್ನ ಕೈಯಾಗಿನ ರೊಕ್ಕ ಅರ್ಧಕ್ಕೂ ಸಾಲತಿರಲಿಲ್ಲ. ತಂಗಿ ತನ್ನ ಎರಡೂ ಪಾಟ್ಲಿ ಬಿಚ್ಚಿ ಕೊಟ್ಲು. ಇಷ್ಟು ನನಗ ಚೆಂದ ನೆನಪೈತಿ. ಅಡವಿಡಾಕ ಅಲ್ಲ, ಮಾರಾಕ ಕೊಟ್ಟಿದ್ದು. ಪತ್ರದಾಗ ನಾನು ಹಿಂಗ ಬರದೀನಿ: "ತಂಗೆವ್ವ, ಇದರಾಗ ಎರಡು ಎಕರೆ ನಿಂದು. ನೀ ಯಾವಾಗ ಕೇಳಿದ್ರೂ ನಿಂದು. ನಾ ಇರೋತನಕ ಈ ಮಾತು ಬದಲಾಗಂಗಿಲ್ಲ."

ಈ ಮಾತು ಬರದದ್ದು ನನಗ ಒಂಚೂರೂ ನೆನಪಿಲ್ಲ. ಎಲ್ಲಿ ಕುಂತು ಬರದೆ, ಯಾವ ಡಬ್ಬಿಗೆ ಹಾಕಿದೆ, ಏನೇನೂ ಇಲ್ಲ. ಅಕಿ ಒಂದು ದಿನಾನೂ ಕೇಳಿಲ್ಲ. ನಾ ಓದಿ ಮುಗಿಸಿದ ಮ್ಯಾಲೆ ಪತ್ರ ಇಸಕೊಂಡು, ಮಡಚಿ, ಟ್ರಂಕಿನಾಗ ಇಟ್ಲು.

ಮನಿಗೆ ಬಂದು ಮಕ್ಕಳಿಗೆ ಹೇಳಿದೆ. ದೊಡ್ಡಾವ ಅಂದ: "ಅಪ್ಪಾಜಿ, ಅವತ್ತಿನ ನೀವೇ ಬ್ಯಾರೆ, ಇವತ್ತಿನ ನೀವೇ ಬ್ಯಾರೆ. ನೆನಪ ಇಲ್ಲಂದ ಮ್ಯಾಲೆ ಆ ಮಾತು ನಿಮ್ಮದು ಹೆಂಗ ಆಕ್ಕೈತಿ?" ಅವನು ದುರಾಸಿ ಹುಡುಗ ಅಲ್ಲ. ಖರೇನ ಕೇಳಿದ. ನನಗ ಉತ್ತರ ಬರಲಿಲ್ಲ.

ಯಾಕಂದ್ರ ಅವತ್ತಿನ ಹುಡುಗನ್ನ ನೆನಸಿಕೊಂಡ್ರ ಪರಕೀಯ ಅನಸ್ತಾನ. ಬೀಡಿ ಸೇದ್ತಿದ್ದ, ಬಯಲಾಟದಾಗ ಪಾತ್ರ ಕಟ್ತಿದ್ದ, ಸಿಟ್ಟು ಮೂಗಿನ ತುದಿಗೆ. ಈಗ ನಾನು ಯಾರ ಜೋಡೀನೂ ಜೋರಾಗಿ ಮಾತಾಡಂಗಿಲ್ಲ. ಪತ್ರದ ಹಿಂದಿನ ವಿಳಾಸನ ನೋಡ್ರಿ: ತಾಲೂಕು ಗಂಗಾವತಿ, ಜಿಲ್ಲಾ ರಾಯಚೂರು. 1997ಕ್ಕ ಕೊಪ್ಪಳ ಜಿಲ್ಲಾ ಆತು, ಆಮ್ಯಾಲೆ ಕಾರಟಗಿನ ತಾಲೂಕಾತು. ಹೊಲ ಮಾತ್ರ ಇದ್ದಲ್ಲೇ ಐತಿ. ನಾನು ಇದ್ದಲ್ಲೇ ಅದೀನೇನು?

ಸಿರುಗುಪ್ಪ ಸೊಸೆ · ರಾತ್ರಿ 9:58

ಅಣ್ಣಾರ, ಮೊದಲು ನಿಮ್ಮ ತಂಗೀನ ಕೇಳಿದ್ರೇನು? ಆಕಿ ಮನಸಿನಾಗ ಏನೈತಿ?

ಕಾರಟಗಿ ಕಾಲುವೆ · ರಾತ್ರಿ 10:03

ಇಲ್ಲವ್ವ. ಕೇಳಾಕ ಧೈರ್ಯ ಆಗಿಲ್ಲ.

ಬಳ್ಳಾರಿ ವಕೀಲ · ರಾತ್ರಿ 10:31

ಸರ್, ನೀವು ಕಾನೂನು ಕೇಳಿಲ್ಲ, ಆದರೂ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮ ಪ್ರಶ್ನೆಯ ನೆರಳಿದೆ. ಇಂಥ ಕರಾರಿನ ಮೇಲೆ ದಾವೆ ಹಾಕಲು 1963ರ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ಮೂರು ವರ್ಷ ಕೊಡುತ್ತದೆ. ಆ ಅವಧಿ ಮುಗಿದರೆ ಕೋರ್ಟಿನ ಬಾಗಿಲು ಮುಚ್ಚುತ್ತದೆ, ಸಾಲ ಸಾಯುವುದಿಲ್ಲ. ಕಾಲಮಿತಿ ದಾಟಿದ ಸಾಲವನ್ನು ತೀರಿಸುತ್ತೇನೆ ಎಂದು ಸಾಲಗಾರ ಮತ್ತೆ ಬರೆದು ಸಹಿ ಹಾಕಿದರೆ, ಕರಾರು ಕಾಯ್ದೆಯ 25ನೇ ಕಲಮಿನ ಪ್ರಕಾರ ಅದು ಊರ್ಜಿತ. ಅಂದರೆ ಎಷ್ಟೇ ವರ್ಷ ಕಳೆದರೂ ಸಾಲಗಾರ ಅವನೇ ಎಂದು ಕಾನೂನು ಹಿಡಿದುಕೊಂಡೇ ಇರುತ್ತದೆ. "ನಾನು ಬದಲಾಗಿದ್ದೇನೆ" ಎಂಬ ಕಾರಣಕ್ಕೆ ಯಾವ ಸಾಲವೂ ರದ್ದಾದದ್ದನ್ನು ನಾನು ಕಂಡಿಲ್ಲ.

ನಮ್ಮ ಹಿಂದೂ ಕಾನೂನಿನಲ್ಲಿ ಬದುಕಿರುವಾಗಲೇ ಮನುಷ್ಯ ಬೇರೆಯಾಗುವ ದಾರಿ ಒಂದಿದೆ: ಸನ್ಯಾಸ. ಸಂಸಾರವನ್ನು ಪೂರ್ತಿ ಬಿಟ್ಟು, ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡು ದೀಕ್ಷೆ ಪಡೆದವನನ್ನು ಆಸ್ತಿಯ ಮಟ್ಟಿಗೆ ಸತ್ತವನೆಂದೇ ಎಣಿಸುತ್ತಾರೆ. ಬೀಡಿ ಬಿಟ್ಟದ್ದಕ್ಕೆ ಆ ಮಾನ್ಯತೆ ಸಿಗುವುದಿಲ್ಲ.

ಕೋಟೆ ಓಣಿ · ರಾತ್ರಿ 11:20

ನಾನು ಬಳ್ಳಾರಿಯವನು, ತತ್ವಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೇನೆ. ವಯಸ್ಸಿನಲ್ಲಿ ನಿಮ್ಮ ಮಗನಷ್ಟಿರಬಹುದು. ಅವರ ಪರವಾಗಿ ಸ್ವಲ್ಪ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅವರ ಪ್ರಶ್ನೆ ಬಹಳ ಹಳೆಯದು. ಜಾನ್ ಲಾಕ್ ಎಂಬ ಇಂಗ್ಲಿಷ್ ಚಿಂತಕ 1694ರಲ್ಲೇ ಇದನ್ನು ಬರೆದ. ದೇಹ ಅದೇ ಇದೆಯೋ ಇಲ್ಲವೋ, ಆತ್ಮ ಅದೇ ಇದೆಯೋ ಇಲ್ಲವೋ, ವ್ಯಕ್ತಿ ಅವನೇ ಅನ್ನುವುದಕ್ಕೆ ಆಧಾರ ಅವೆರಡೂ ಅಲ್ಲ; ಹಿಂದೆ ಮಾಡಿದ್ದನ್ನು "ಇದು ನಾನು ಮಾಡಿದ್ದು" ಎಂದು ಒಳಗಿನಿಂದ ಹಿಡಿಯಬಲ್ಲ ಅರಿವು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಆ ವ್ಯಕ್ತಿ. ಹಾಗೆ ನೋಡಿದರೆ ಪಾಟ್ಲಿ ಇಸಿದುಕೊಂಡವರು ನೀವೇ, ಪತ್ರ ಬರೆದವರು ನೀವಲ್ಲ!

ಇದು ವಿಚಿತ್ರ ಎಂದು ಆಗಲೇ ಜನಕ್ಕೆ ಅನ್ನಿಸಿತ್ತು. 1785ರಲ್ಲಿ ಥಾಮಸ್ ರೀಡ್ ಒಂದು ಲೆಕ್ಕ ಕೊಟ್ಟ. ಹಣ್ಣು ಕದ್ದು ಏಟು ತಿಂದ ಹುಡುಗ ಬೆಳೆದು ಸೈನಿಕ ಅಧಿಕಾರಿಯಾಗುತ್ತಾನೆ, ಶತ್ರುವಿನ ಬಾವುಟ ಕಿತ್ತು ತರುತ್ತಾನೆ. ಆಗ ಅವನಿಗೆ ಆ ಏಟು ನೆನಪಿದೆ. ಮುದುಕನಾಗಿ ಸೇನಾಪತಿಯಾದಾಗ ಬಾವುಟ ನೆನಪಿದೆ, ಏಟು ಮರೆತಿದೆ. ನೆನಪೇ ಅಳತೆಯಾದರೆ ಸೇನಾಪತಿ ಅಂದರೆ ಅಧಿಕಾರಿ, ಅಧಿಕಾರಿ ಅಂದರೆ ಹುಡುಗ, ಆದರೆ ಸೇನಾಪತಿ ಮಾತ್ರ ಆ ಹುಡುಗನಲ್ಲ. ಲೆಕ್ಕ ಕೂಡುವುದಿಲ್ಲ. ಅದಕ್ಕೇ ಈಗ ಹೆಚ್ಚಿನವರು ನೇರ ನೆನಪನ್ನು ಕೇಳುವುದಿಲ್ಲ, ಕೊಂಡಿಗಳ ಸರಪಳಿಯನ್ನು ಕೇಳುತ್ತಾರೆ. ಇವತ್ತಿನ ನಿಮಗೆ 50ರ ನೀವು ನೆನಪಿದ್ದಾರೆ, ಅವರಿಗೆ 40ರವರು, ಹೀಗೆ.

ಆದರೂ ನನ್ನ ಅನುಮಾನ ಉಳಿದೇ ಇದೆ. ಸರಪಳಿ ಇದ್ದ ಮಾತ್ರಕ್ಕೆ ಎಲ್ಲ ಹೊರೆಯನ್ನೂ ಅದರ ಮೇಲೆ ಎಳೆದು ತರಬೇಕೇ? 23ರ ಹುಡುಗ 62ರವನನ್ನು ಕೇಳದೆ ಅವನ ಹೊಲ ಬರೆದುಕೊಟ್ಟ. ಬೇರೊಬ್ಬರ ಆಸ್ತಿಯನ್ನು ಬರೆದುಕೊಟ್ಟ ಹಾಗೆ ನನಗೆ ಕಾಣುತ್ತದೆ.

ಜೋಳದ ತೆನೆ · ಮಂಗಳವಾರ, ಬೆಳಿಗ್ಗೆ 5:50

ನಾನು ಸಿಂಧನೂರು ಕಡೆಯವ. ಎಂದೂ ಇಲ್ಲಿ ಬರದಾವಲ್ಲ. ಈ ಹುಡುಗ ಹೇಳಿದ ಕಡೀ ಮಾತು ನನಗ ನಾಟಿತು.

ನಾನು ಕುಡಿಯೋದು ಬಿಟ್ಟು 11 ವರ್ಷ ಆತು. ಅದಕ್ಕಿಂತ ಮೊದಲು ನಾ ಮಾಡಿದ್ದನ್ನ ಇಲ್ಲಿ ಬರಿಯಾಕ ಕೈ ಬರಂಗಿಲ್ಲ. ಒಂದು ರಾತ್ರಿ ನಮ್ಮ ಅಣ್ಣನ ಮನಿ ಬಾಗಲಕ ಹೋಗಿ ಅತ್ತಿಗಿಗೆ ಏನೋ ಅಂದೆ. ಅಂದದ್ದು ಏನಂತ ನನಗ ಇವತ್ತಿಗೂ ಗೊತ್ತಿಲ್ಲ. ಮುಂಜಾನೆದ್ದಾಗ ನೆನಪಿರಲಿಲ್ಲ. ಅಣ್ಣ ಅವತ್ತಿನಿಂದ ಮಾತು ಬಿಟ್ಟಾನ. ಒಂದೇ ಬಾವಿ ನೀರು, ಒಂದೇ ಬದು, ಎದುರಾದ್ರ ಮುಖ ತಿರುವ್ತಾನ.

ನಾ ದಿನಾ ಅನಕೋತೀನಿ, ಅದು ನಾನಲ್ಲ, ಆ ಮನಷ್ಯಾ ಸತ್ತಾನ ಅಂತ. ಹಂಗ ಅನಕೊಂಡಿದ್ದಕ್ಕ ಬದುಕೀನಿ. ಕಾರಟಗಿ ಅಣ್ಣಾರ ಪ್ರಶ್ನೆಗೆ ನೀವೆಲ್ಲಾ "ಹೌದು, ಅವನೇ ಇವನು" ಅಂದ್ರ ನಾ ಎಲ್ಲಿಗೆ ಹೋಗ್ಲಿ?

ಮಸ್ಕಿ ಮೇಷ್ಟ್ರು · ಬೆಳಿಗ್ಗೆ 7:15

ಸಿಂಧನೂರಿನ ತಮ್ಮಾ, ನಿನಗಾಗಿ ಬರೆಯುತ್ತಿದ್ದೇನೆ.

ನಮ್ಮೂರು ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವಿರುವ ಬಂಡೆಯನ್ನು ನೋಡಿರಬೇಕು ನೀನು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಗುರುತಿಸಿದ. ಅದಕ್ಕೂ ಮುಂಚೆ ಸಿಕ್ಕಿದ್ದ ಶಾಸನಗಳಲ್ಲಿ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ. ಅವನು ಅಶೋಕನೇ ಇರಬೇಕು ಎಂದು ಸಿಂಹಳದ ಗ್ರಂಥಗಳ ಬಲದಿಂದ ವಿದ್ವಾಂಸರು ಹೇಳುತ್ತಿದ್ದರು. ಮಸ್ಕಿಯ ಬಂಡೆ ಬಿರುದನ್ನೂ ಹೆಸರನ್ನೂ ಒಟ್ಟಿಗೆ ಬರೆದುಕೊಂಡಿತ್ತು. ನಿಮ್ಮ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳದ ಬಂಡೆಗಳಲ್ಲೂ ಆ ಹೆಸರಿದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಇಷ್ಟು ಹೇಳಿ ಮುಗಿಸುತ್ತಿದ್ದೆ. ಆದರೆ ಬಂಡೆಯ ಮೇಲೆ ಏನು ಬರೆದಿದೆ ಅನ್ನುವುದೇ ಇಲ್ಲಿ ಮುಖ್ಯ.

ರಾಜ ಹೇಳುವುದರ ತಾತ್ಪರ್ಯ ಇಷ್ಟು: ನಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಮೊದಲು ನಾನು ಹೆಚ್ಚು ಶ್ರಮಿಸಲಿಲ್ಲ, ಬೌದ್ಧ ಭಿಕ್ಷುಗಳ ಸಂಘದ ಹತ್ತಿರ ಬಂದ ಮೇಲೆ ಶ್ರಮಿಸುತ್ತಿದ್ದೇನೆ. ನೋಡು, ಒಂದೇ ದಿನದಲ್ಲಿ ಬದಲಾದೆ ಅನ್ನುವುದಿಲ್ಲ ಅವನು. ಮೆಲ್ಲಗೆ ಬದಲಾದದ್ದನ್ನು, ನಡುವೆ ಆಲಸ್ಯ ಮಾಡಿದ್ದನ್ನೂ ಸೇರಿಸಿ ಕಲ್ಲಿನ ಮೇಲೆ ಕೆತ್ತಿಸಿದ್ದಾನೆ. ಆಲಸ್ಯದವನೂ "ನಾನು", ಶ್ರಮಿಸಿದವನೂ "ನಾನು".

ಕಳಿಂಗದ ಮಾತು ಇನ್ನೊಂದು ಶಾಸನದಲ್ಲಿದೆ, ಹದಿಮೂರನೆಯ ಬಂಡೆ ಶಾಸನದಲ್ಲಿ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು ಎಂದು ತಾನೇ ಲೆಕ್ಕ ಕೊಟ್ಟು, ತನಗೆ ಪಶ್ಚಾತ್ತಾಪವಾಗಿದೆ ಅನ್ನುತ್ತಾನೆ. ಕೊಂದವನು ಬೇರೆ, ನಾನು ಬೇರೆ ಎಂದಿದ್ದರೆ ಅವನಿಗೆ ಮರುಕ ಬರಬಹುದಿತ್ತು, ದುಃಖ ಬರಬಹುದಿತ್ತು. ಪಶ್ಚಾತ್ತಾಪ ಬರುತ್ತಿರಲಿಲ್ಲ. ಬೇರೆಯವರು ಮಾಡಿದ್ದಕ್ಕೆ ನಾವು ಪಶ್ಚಾತ್ತಾಪ ಪಡುವುದುಂಟೇ?

ನಿನಗೆ 11 ವರ್ಷದಿಂದ ಸುಡುತ್ತಿರುವುದು ಪಶ್ಚಾತ್ತಾಪ, ತಮ್ಮಾ. ಆ ಮನುಷ್ಯ ಸತ್ತಿಲ್ಲ. ಸತ್ತಿದ್ದರೆ ಕುಡಿಯುವುದನ್ನು ಬಿಟ್ಟವರು ಯಾರು? ಆ ಕೆಲಸದ ಹೆಸರು ಯಾರಿಗೆ ಸೇರಬೇಕು? ಅವನೇ ಬಿಟ್ಟದ್ದು. ಅದೇ ಕೈ ಲೋಟ ಕೆಳಗಿಟ್ಟದ್ದು.

ಜೋಳದ ತೆನೆ · ಬೆಳಿಗ್ಗೆ 7:41

ಸರ್.

ಕೊಪ್ಪಳ ಲ್ಯಾಬ್ ಅಕ್ಕ · ಮಧ್ಯಾಹ್ನ 1:10

ಊಟದ ಹೊತ್ತಿನಲ್ಲಿ ಓದಿದೆ. "ಏಳು ವರ್ಷಕ್ಕೆ ಇಡೀ ದೇಹ ಹೊಸದಾಗುತ್ತದೆ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದಕ್ಕೆ ಮೊದಲೇ ಹೇಳುತ್ತೇನೆ: ಅದು ಸರಿಯಲ್ಲ. ನಾವು ದಿನಾ ಗಾಜಿನ ಪಟ್ಟಿಯ ಮೇಲೆ ನೋಡುವ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಕರುಳಿನ ಒಳಪದರ ಕೆಲವೇ ದಿನಕ್ಕೆ ಬದಲಾಗುತ್ತದೆ. ಮೂಳೆಯಲ್ಲಿ ವರ್ಷಕ್ಕೆ ಹತ್ತರಲ್ಲೊಂದು ಪಾಲಿನಷ್ಟು ಹೊಸದಾಗುತ್ತಾ ಹೋಗುತ್ತದೆ. ಆದರೆ ಮಿದುಳಿನ ಹೊರಪದರದ ನರಕೋಶಗಳು ಹೆಚ್ಚುಕಡಿಮೆ ನಮ್ಮಷ್ಟೇ ವಯಸ್ಸಿನವು. ಹಲ್ಲಿನ ಎನಾಮಲ್ ಒಮ್ಮೆ ಬಂದದ್ದೇ ಕೊನೆ. ಕಣ್ಣಿನ ಮಸೂರದ ನಡುಭಾಗದ ಪ್ರೋಟೀನು ಹುಟ್ಟುವ ಹೊತ್ತಿನದೇ.

ಹಾಗಾಗಿ ಸರ್, 1986ರಲ್ಲಿ ಆ ಪತ್ರ ಬರೆಯುವಾಗ ನಿಮ್ಮ ಮೈಯಲ್ಲಿದ್ದ ರಕ್ತದ ಒಂದು ಕಣವೂ ಈಗಿಲ್ಲ. ಆದರೆ ಆ ಅಕ್ಷರಗಳನ್ನು ನೋಡಿದ ಕಣ್ಣಿನ ಮಸೂರ, ನೀವು ಪೊರೆಯ ಆಪರೇಷನ್ ಮಾಡಿಸಿಕೊಂಡಿಲ್ಲ ಅಂದರೆ, ಅದೇ. ಇದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ ಅಂತಲ್ಲ. ದೇಹವನ್ನು ಸಾಕ್ಷಿಗೆ ಕರೆದರೆ ಅದು ಎರಡೂ ಕಡೆ ಸಾಕ್ಷಿ ಹೇಳುತ್ತದೆ, ಅಷ್ಟೇ.

ಕಾರಟಗಿ ಕಾಲುವೆ · ಮಧ್ಯಾಹ್ನ 2:25

ತಾಯಿ, ಎಡಗಣ್ಣಿಗೆ ಆಗೈತಿ, ಬಲಗಣ್ಣು ಹಂಗ ಐತಿ.

ನೀವು ಅಕ್ಷರ ಅಂದದ್ದಕ್ಕ ಒಂದು ಹೇಳಬೇಕು. ನಾನು "ವ್ವ" ಬರಿಯೋವಾಗ ಕೆಳಗಿನ ಒತ್ತಕ್ಷರ ಮ್ಯಾಲಿನ ಅಕ್ಷರಕ್ಕ ತಾಗಂಗಿಲ್ಲ, ದೂರ ಜಾರಿ ಬೀಳ್ತೈತಿ. ಅದಕ್ಕ ಸಾಲ್ಯಾಗ ಮಾಸ್ತರು ಬೆರಳಿನ ಗಿಣ್ಣಿನ ಮ್ಯಾಲೆ ರೂಲುಪಟ್ಟಿಲೆ ಹೊಡದಿದ್ರು. ಪತ್ರದಾಗ "ತಂಗೆವ್ವ" ಅಂತ ಆರು ಕಡೆ ಐತಿ. ಆರೂ ಕಡೆ ಒತ್ತು ಜಾರೈತಿ. ನಿನ್ನೆ ರಾತ್ರಿ ಪೆನ್ನು ತಗೊಂಡು ಕರೆಂಟ್ ಬಿಲ್ಲಿನ ಹಿಂದ ಬರದು ನೋಡಿದೆ. ಇವತ್ತಿಗೂ ಹಂಗ ಜಾರ್ತೈತಿ. ಸಹಿ ಮಾತ್ರ ಪೂರಾ ಬ್ಯಾರೆ, ಯಾವ ಬ್ಯಾಂಕಿನಾಗೂ ನಡಿಯಂಗಿಲ್ಲ ಅಷ್ಟು ಬ್ಯಾರೆ.

ಮುನಿರಾಬಾದ್ ನಿವಾಸಿ · ಸಂಜೆ 6:30

ನಾನು ತುಂಗಭದ್ರಾ ಡ್ಯಾಮಿನ ಮಗ್ಗುಲಲ್ಲೇ ಹುಟ್ಟಿ ಬೆಳೆದವನು, ನನಗೆ ತಿಳಿದದ್ದು ಅದೇ. 1945ಕ್ಕೆ ಕೆಲಸ ಶುರುವಾಗಿ 1953ಕ್ಕೆ ಮುಗಿದ ಡ್ಯಾಮು, ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಶುರುವಿನಲ್ಲಿ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಹರಿದು ಗೇಟೇ ಕೊಚ್ಚಿಕೊಂಡು ಹೋಯಿತು. ಆ ವಾರ ನಮ್ಮ ಕಡೆ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ನೀರು ಕಲ್ಲಿಗೆ ಬಡಿಯುವ ಸದ್ದೇ ಬೇರೆಯಾಗಿತ್ತು, ಮನೆಯೊಳಗೆ ಕೂತರೂ ಕೇಳುತ್ತಿತ್ತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದೊಂದಾಗಿ ಇಳಿಸಿ ಒಂದು ವಾರದಲ್ಲಿ ಮುಚ್ಚಿದರು. ಆಮೇಲೆ ಎಲ್ಲ 33 ಗೇಟುಗಳನ್ನೂ ಹೊಸದಾಗಿ ಹಾಕುವ ತೀರ್ಮಾನವಾಯಿತು.

ಗೇಟು ಬೇರೆ, ಹಿಡಿಯುವ ನೀರು ಬೇರೆ, ಒಳಗಿನ ಹೂಳು ಬೇರೆ. ಹಾಗಂತ ಕಾಲುವೆಯ ಕೊನೆಯ ಊರಿನ ರೈತ "ಇದು ಹೊಸ ಡ್ಯಾಮು, ನಮಗೆ ನೀರು ಕೊಡುವ ಲೆಕ್ಕ ಹಳೇ ಡ್ಯಾಮಿನದು" ಎಂಬ ಮಾತನ್ನು ಒಪ್ಪುತ್ತಾನೇನು? ಒಂದೊಂದೇ ಭಾಗ ಬದಲಾಗುತ್ತಿದ್ದರೂ ನೀರು ಹಿಡಿಯುವ ಕೆಲಸ ನಿಲ್ಲಲಿಲ್ಲ. ಅದಕ್ಕೇ ಅದು ಅದೇ ಡ್ಯಾಮು.

ಕೋಟೆ ಓಣಿ · ಸಂಜೆ 7:05

ಹೋಲಿಕೆ ಚೆನ್ನಾಗಿದೆ ಸರ್. ಗ್ರೀಕರು ಥೀಸಿಯಸ್ ಎಂಬ ವೀರನ ಹಡಗಿನ ಬಗ್ಗೆ ಕೇಳಿದ ಪ್ರಶ್ನೆಯೂ ಇದೇ. ಹಲಗೆ ಕೊಳೆತಂತೆಲ್ಲ ಹೊಸ ಹಲಗೆ ಹಾಕುತ್ತಾ ಹೋದರೆ ಅದು ಅದೇ ಹಡಗೇ? ಹಾಬ್ಸ್ ಎಂಬುವನು ಇನ್ನೊಂದು ತೊಡಕು ಸೇರಿಸಿದ. ತೆಗೆದ ಹಳೇ ಹಲಗೆಗಳನ್ನೆಲ್ಲ ಕೂಡಿಟ್ಟು ಯಾರಾದರೂ ಮತ್ತೊಂದು ಹಡಗು ಕಟ್ಟಿದರೆ, ಎರಡರಲ್ಲಿ ಯಾವುದು ಥೀಸಿಯಸನದು?

ಆದರೆ ಹಡಗಿಗೂ ಡ್ಯಾಮಿಗೂ ಇಂಥ ಪ್ರಶ್ನೆ ಬಂದಾಗ ಉತ್ತರ ಹೇಳುವವರು ನಾವು. ಹಡಗು ರಾತ್ರಿ ಎದ್ದು ಕೂತು "ಅದು ನಾನೇನಾ" ಅಂತ ಕೇಳುವುದಿಲ್ಲ. ಕಾರಟಗಿಯವರು ಕೇಳುತ್ತಿದ್ದಾರೆ. ವ್ಯತ್ಯಾಸ ಅಲ್ಲೇ ಇದೆ.

ಸಿರುಗುಪ್ಪ ಸೊಸೆ · ಸಂಜೆ 7:32

ಆದ್ರ ಮನುಷ್ಯರಿಗೂ ಬ್ಯಾರೆಯವರು ಹೇಳೋದು ಇರ್ತೈತಲ್ಲ. ನಮ್ಮತ್ತಿ ನಲವತ್ತು ವರ್ಷ ಭತ್ತ ನಾಟಿ ಮಾಡಿ ಹೆಬ್ಬೆಟ್ಟಿನ ಗೆರಿ ಪೂರಾ ಸವದಾವ. ರೇಷನ್ ಅಂಗಡ್ಯಾಗ ಮಶೀನು ತಗೊಳ್ಳಲೇ ಇಲ್ಲ. ಮೂರು ಸಲ ಒತ್ತಿದ್ರು, ಕೈ ತೊಳಸಿ ಒತ್ತಿಸಿದ್ರು, ಆಗಲಿಲ್ಲ. ಸಾಲಿನಾಗ ನಿಂತಿದ್ದ ಹೆಂಗಸರೆಲ್ಲಾ "ಇಕಿನ ಇಕಿ, ನಾವು ಬಲ್ಲೆವು" ಅಂತ ಕೂಗಿದ್ರು. ಮಶೀನಿಗೆ ಅದು ಸಾಕಾಗಲಿಲ್ಲ. ಅತ್ತಿಗೆ ಸಾಕಾತು, ನಕ್ಕೋತ ಮನಿಗೆ ಬಂದ್ರು.

ರಾಯಚೂರು ಮಗಳು · ರಾತ್ರಿ 11:48

ನಿದ್ದೆ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನೆನಪೇ ಮನುಷ್ಯ ಎಂಬ ಮಾತು ನಿನ್ನೆಯಿಂದ ಎದೆಯಲ್ಲಿ ಕೂತಿದೆ.

ನಮ್ಮ ಅವ್ವನಿಗೆ ಮರೆವಿನ ಕಾಯಿಲೆ. ನಾಲ್ಕು ವರ್ಷವಾಯಿತು. ಮೊದಲು ಚಾವಿ ಮರೆತಳು, ಆಮೇಲೆ ಓಣಿ ಮರೆತಳು, ಅಪ್ಪ ತೀರಿಹೋದದ್ದನ್ನು ಮರೆತು ದಿನಾ ಹೊಸದಾಗಿ ಕೇಳತೊಡಗಿದಳು. ಈಗ ನನ್ನ ಹೆಸರು ಇಲ್ಲ. ನನ್ನನ್ನು "ಬಾಯಿ" ಅಂತ ಕರೆಯುತ್ತಾಳೆ, ಯಾರದೋ ಮನೆಗೆ ಬಂದವರನ್ನು ಕರೆದ ಹಾಗೆ.

ಅವ್ವ ಹುಡುಗಿಯಾಗಿದ್ದಾಗಿನಿಂದ ಹತ್ತಿ ಬಿಡಿಸಿದವಳು. ಸಂಜೆ ಐದೂವರೆ ಆರಕ್ಕೆ ಕೌದಿಯ ಮೂಲೆ ಹಿಡಿದು ಕೂರುತ್ತಾಳೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಕೂಡಿ ಬಟ್ಟೆಯನ್ನು ಮೆಲ್ಲಗೆ ಹಿಡಿದು, ಸ್ವಲ್ಪ ತಿರುವಿ, ಎಳೆಯುತ್ತವೆ. ಕಾಯಿಯ ಒಣಗಿದ ತುದಿ ಚುಚ್ಚದ ಹಾಗೆ ಉಗುರನ್ನು ಒಳಗೆ ಮಡಚಿಕೊಂಡಿರುತ್ತಾಳೆ. ಎಳೆದದ್ದನ್ನು ಎಡಗೈಗೆ ದಾಟಿಸುತ್ತಾಳೆ, ಎಡಗೈ ತುಂಬಿತು ಅನ್ನಿಸಿದಾಗ ಉಡಿಗೆ ಹಾಕಿಕೊಳ್ಳುತ್ತಾಳೆ. ಉಡಿಯಲ್ಲಿ ಏನೂ ಇರುವುದಿಲ್ಲ. ಕತ್ತಲಾದ ಮೇಲೆ ಉಡಿ ಹಿಡಿದುಕೊಂಡೇ ಎದ್ದು ನಿಲ್ಲುತ್ತಾಳೆ, ತೂಕಕ್ಕೆ ಹೋಗಬೇಕು ಅನ್ನುವಂತೆ.

ಇದನ್ನು ನೋಡಿದ ಡಾಕ್ಟರು, ಈ ಕಾಯಿಲೆಯಲ್ಲಿ ನಡೆದದ್ದರ ನೆನಪು ಮೊದಲು ಹೋಗುತ್ತದೆ, ಕೈಗೆ ರೂಢಿಯಾದ ಕೆಲಸ ಬಹಳ ದಿನ ಉಳಿಯುತ್ತದೆ, ಅವೆರಡನ್ನೂ ಮಿದುಳು ಬೇರೆ ಬೇರೆ ದಾರಿಯಲ್ಲಿ ಇಟ್ಟುಕೊಂಡಿರುತ್ತದೆ ಅಂದರು. ಹೌದಿರಬಹುದು. ನನಗೆ ಬೇಕಾದದ್ದು ಬೇರೆ. ಲಾಕ್ ಹೇಳಿದ್ದು ನಿಜವಾದರೆ ನಾನು ದಿನಾ ಅನ್ನ ಕಲಸಿ ಉಣಿಸುತ್ತಿರುವುದು ಯಾರಿಗೆ? ಅವಳಿಗೆ ನಾನು ಮಗಳಲ್ಲ. ನನಗೆ ಅವಳು ಅವ್ವನೇ. ಒಂದು ತುದಿ ಬಿಟ್ಟುಹೋದರೂ ಇನ್ನೊಂದು ತುದಿಯನ್ನು ನಾನು ಹಿಡಿದಿದ್ದೇನೆ.

ಕಾರಟಗಿ ಅಣ್ಣಾ, ನಿಮ್ಮ ತುದಿಯನ್ನು ನಿಮ್ಮ ತಂಗಿ ಟ್ರಂಕಿನಲ್ಲಿ ಇಟ್ಟುಕೊಂಡು 39 ವರ್ಷ ಹಿಡಿದಿದ್ದಾರೆ.

ಕೋಟೆ ಓಣಿ · ಬುಧವಾರ, ಬೆಳಿಗ್ಗೆ 8:20

ಅಕ್ಕಾ, ಎರಡು ಸಲ ಓದಿದೆ. ನನ್ನ ಮೊದಲ ಮಾತಿನಲ್ಲಿ ಒಂದು ದೋಷವಿದೆ, ಸರಿಪಡಿಸಿಕೊಳ್ಳುತ್ತೇನೆ.

"ಅವನೇ ಇವನೋ, ಬೇರೆಯವನೋ" ಎಂಬ ಎರಡೇ ಉತ್ತರಗಳನ್ನು ಇಟ್ಟುಕೊಂಡು ನಾನು ವಾದಿಸಿದೆ. ಬೌದ್ಧರು ಮೂರನೆಯದನ್ನು ಯಾವತ್ತೋ ಹೇಳಿದ್ದಾರೆ. ಮಿಲಿಂದ ಎಂಬ ಗ್ರೀಕ್ ರಾಜ ನಾಗಸೇನ ಎಂಬ ಭಿಕ್ಷುವನ್ನು ಕೇಳುತ್ತಾನೆ, ಸತ್ತು ಮತ್ತೆ ಹುಟ್ಟುವವನು ಅವನೇ ಏನು, ಬೇರೆಯವನೇ ಅಂತ. ನಾಗಸೇನನ ಉತ್ತರ: ಅವನೇ ಅಲ್ಲ, ಬೇರೆಯವನೂ ಅಲ್ಲ. ಹುಟ್ಟಿದ ಕೂಸು ಬೆಳೆದು ಮನುಷ್ಯನಾದಂತೆ. ರಾತ್ರಿಯಿಡೀ ಉರಿಯುವ ದೀಪದಲ್ಲಿ ಮೊದಲ ಜಾವದ ಜ್ವಾಲೆಯೇ ಕೊನೆಯ ಜಾವದ್ದಲ್ಲ, ಆದರೆ ಬೇರೆ ದೀಪವೂ ಅಲ್ಲ. ಹಾಲು ಮೊಸರಾಗಿ, ಬೆಣ್ಣೆಯಾಗಿ, ತುಪ್ಪವಾದಂತೆ.

ರಾಜ ನನ್ನ ಹಾಗೇ ಪಟ್ಟು ಹಿಡಿಯುತ್ತಾನೆ. ಅದಕ್ಕೆ ನಾಗಸೇನ ಮಾವಿನ ಕಳ್ಳನ ಮಾತು ತೆಗೆಯುತ್ತಾನೆ. ಮಾವು ಕದ್ದವನು "ಇವನು ನೆಟ್ಟ ಓಟೆ ಬೇರೆ, ನಾನು ಕಿತ್ತ ಹಣ್ಣು ಬೇರೆ, ಅದಕ್ಕೇ ನನ್ನದು ತಪ್ಪಿಲ್ಲ" ಅಂದರೆ ನೀನು ಬಿಡುತ್ತೀಯಾ? ಬಿಡುವುದಿಲ್ಲ. ಆ ಓಟೆಯಿಂದಲೇ ಈ ಹಣ್ಣು ಬಂದದ್ದು. "ನಾನು" ಎಂಬ ಗಟ್ಟಿ ವಸ್ತು ಒಳಗಿಲ್ಲ ಎಂದು ಸಾರಿದವರೇ, ಮಾಡಿದ್ದರ ಹೊಣೆ ತಪ್ಪುವುದಿಲ್ಲ ಎಂದೂ ಹೇಳಿದರು. ನಾನು ಮೊದಲರ್ಧ ಓದಿಕೊಂಡು ಇಷ್ಟು ದಿನ ಜಾಣನಾಗಿದ್ದೆ.

23ರ ಹುಡುಗ ಬೇರೊಬ್ಬರ ಆಸ್ತಿ ಬರೆದುಕೊಟ್ಟ ಎಂದಿದ್ದೆ. ಅದನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಆ ನಾಲ್ಕು ಎಕರೆ 62ರವರಿಗೆ ಬಂದದ್ದೇ ಆ ಹುಡುಗನಿಂದ. ಹೊಲ ಅವನಿಂದ ಬಂತು, ಮಾತು ಮಾತ್ರ ಅವನದೇ ಇರಲಿ ಅನ್ನಲು ಬರುವುದಿಲ್ಲ.

ಕೊಪಣ · ಬೆಳಿಗ್ಗೆ 10:15

ಕೊಪ್ಪಳದಲ್ಲಿ ನಮ್ಮದು ಬಂಗಾರದ ಅಂಗಡಿ, ಮೂರು ತಲೆಮಾರಿನದು. ನಾವು ಜೈನರು. ಕವಿರಾಜಮಾರ್ಗ ಹೆಸರಿಸಿದ ಕೊಪಣ ಇದು, ಒಂದು ಕಾಲಕ್ಕೆ ನಮ್ಮವರ ದೊಡ್ಡ ತೀರ್ಥ.

ಬೌದ್ಧರದು ಒಂದು ಉತ್ತರ, ನಮ್ಮದು ಇನ್ನೊಂದು. ವಸ್ತುವಿಗೆ ಹುಟ್ಟೂ ಇದೆ, ಅಳಿವೂ ಇದೆ, ಉಳಿವೂ ಇದೆ, ಮೂರೂ ಒಟ್ಟಿಗೆ. ಉಳಿಯುವುದು ದ್ರವ್ಯ, ಬದಲಾಗುವುದು ಪರ್ಯಾಯ. ಸಮಂತಭದ್ರಾಚಾರ್ಯರು ಕೊಟ್ಟ ದೃಷ್ಟಾಂತವನ್ನು ನಾನು ಅಂಗಡಿಯಲ್ಲಿ ದಿನಾ ಕಾಣುತ್ತೇನೆ. ಬಂಗಾರದ ಕಲಶ ಕರಗಿಸಿ ಕಿರೀಟ ಮಾಡಿದರೆ, ಕಲಶ ಬೇಕಿದ್ದವನು ಅಳುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಬಂಗಾರ ಬೇಕಿದ್ದವನು ಸುಮ್ಮನಿರುತ್ತಾನೆ. ಮೂವರದೂ ತಪ್ಪಲ್ಲ.

ತಾಯಂದಿರು ಹಳೇ ಪಾಟ್ಲಿ ತಂದು ತಕ್ಕಡಿಗೆ ಹಾಕಿದಾಗ ನಾನು ಅವರ ಮುಖ ನೋಡುತ್ತೇನೆ. ಮೂಸೆಗೆ ಬಿದ್ದು ಅಂಚು ಮೆತ್ತಗಾಗಿ, ನಕ್ಷೆ ಕರಗಿ ಹೋಗುವ ತನಕ ಕೆಲವರು ಕಣ್ಣು ತೆಗೆಯುವುದಿಲ್ಲ. ಕಾರಟಗಿಯವರೇ, ನಿಮ್ಮ ತಂಗಿಯ ಪಾಟ್ಲಿ ಯಾವ ಮೂಸೆಯಲ್ಲಿ ಕರಗಿತೋ ಗೊತ್ತಿಲ್ಲ. ಎರಡು ಎಕರೆ ಗದ್ದೆಯ ರೂಪದಲ್ಲಿ ಅದು ಕಾಲುವೆ ಕೆಳಗಿದೆ.

ಕಿನ್ನಾಳ ಕುಂಚ · ಮಧ್ಯಾಹ್ನ 3:40

ನಾವು ಕಿನ್ನಾಳದ ಬಣ್ಣದವರು. ಊರ ದ್ಯಾಮವ್ವನ ಕಟ್ಟಿಗಿ ಮೂರ್ತಿ ಜಾತ್ರಿಗೆ ಮುಂಚೆ ಬಣ್ಣಕ್ಕ ಬರ್ತಾವ. ಹಳೇ ಬಣ್ಣ ಹೆರದು, ಹುಳ ಹಿಡದ ತಾವ ಬ್ಯಾರೆ ಕಟ್ಟಿಗಿ ಕೂಡಿಸಿ, ಹುಣಸಿಬೀಜದ ಅಂಟು ಹಾಕಿ ಹೊಸದಾಗಿ ತೀಡ್ತೀವಿ. ಕೆಲಸ ಶುರು ಆಗೋಕ್ಕಿಂತ ಮೊದಲ ಪೂಜಾರಿ ದೇವಿ ಕಳೆಯನ್ನ ತುಂಬಿದ ಕೊಡಕ್ಕ ಇಳಿಸಿ ಒಯ್ದಿರ್ತಾನ. ಕೆಲಸ ಮುಗಿಯೋತನಕ ಊರು ಆ ಕೊಡಕ್ಕ ಕೈ ಮುಗಿತೈತಿ. ಕಣ್ಣು ಬರದ ಮ್ಯಾಲೆ ಕಳೆ ಮತ್ತ ಮೂರ್ತಿಗೆ ತುಂಬ್ತಾರ. ಊರಾಗ ಯಾರೂ ಹೊಸ ದ್ಯಾಮವ್ವ ಬಂದ್ಲು ಅನ್ನಂಗಿಲ್ಲ. ಅವ್ವ ತಿರುಗಿ ಬಂದ್ಲು ಅಂತಾರ. ನಡುವ ಕೊಡ ಹಿಡಕೊಳ್ಳೋರು ಯಾರಾರ ಇರಬೇಕು, ಅಷ್ಟ.

ಕಾರಟಗಿ ಕಾಲುವೆ · ಶನಿವಾರ, ರಾತ್ರಿ 8:55

ಮೂರು ದಿನ ಬರಿಯಾಕ ಆಗಲಿಲ್ಲ. ಗುರುವಾರ ಸಿರುಗುಪ್ಪಕ್ಕ ಹೋಗಿದ್ದೆ.

ತಂಗಿಗೆ ನೆಟ್ಟಗ ಕೇಳಿದೆ, "ಈ ಪತ್ರ ಬರದದ್ದು ನನಗ ನೆನಪಿಲ್ಲವ್ವ. ನೀ ಯಾಕ ಒಂದು ಸಲಾನೂ ಎತ್ತಲಿಲ್ಲ?" ಅಂತ. ಅಕಿ ಅಂದ್ಲು, "ನೀ ಮರತೀದಿ ಅಂತ ನನಗ ಭಾಳ ಹಿಂದನ ಗೊತ್ತಾಗೈತಿ. ಆದ್ರ ಅಕ್ಕಿ ಬರಾದು ನಿಂತಿಲ್ಲಲ್ಲ."

ನಾನು ಪ್ರತಿ ಸುಗ್ಗಿಗೂ ಅಕಿ ಮನಿಗೆ ಎರಡು ಚೀಲ ಸೋನಾ ಮಸೂರಿ ಕಳಸ್ತೀನಿ. ಮಿಲ್ಲಿನಿಂದ ಅಕ್ಕಿ ಬಂದ ದಿನಾನೇ ಎರಡು ಚೀಲ ಬ್ಯಾರೆ ತಗದು ಗ್ವಾಡಿಗೆ ಆನಿಸಿ ಇಡೋದು, ಆಮ್ಯಾಲೆ ಉಳಿದದ್ದರ ಲೆಕ್ಕ. ಯಾಕ ಎರಡು, ಯಾವಾಗಿನಿಂದ, ಅಂತ ನಾ ಒಂದು ದಿನಾನೂ ಕೇಳಿಕೊಂಡಿಲ್ಲ. ತಂಗಿ ಮನಿಗೆ ಕಳಸ್ತಾರ, ಅಷ್ಟ ಅಂತ ಅನಕೊಂಡಿದ್ದೆ. ಅಕಿ ಪತ್ರ ಮತ್ತ ತಗದು ಕೆಳಗಿನ ಮಡಿಕಿ ಬಿಚ್ಚಿ ತೋರಿಸಿದ್ಲು. ಮೊದಲನೇ ಸಲ ಅಂಚು ಹರದೀತು ಅಂತ ನಾ ಅಲ್ಲಿತನ ಬಿಚ್ಚಿರಲಿಲ್ಲ. ಅಲ್ಲಿ ಸಣ್ಣ ಅಕ್ಷರದಾಗ ಐತಿ: "ಹೊಲ ನೀ ಕೇಳೋತನಕ, ನಿನ್ನ ಪಾಲಿಂದು ವರ್ಷಕ್ಕ ಎರಡು ಚೀಲ ಕಳಸ್ತೀನಿ."

ರಾಯಚೂರು ತಾಯಿ, ನಿಮ್ಮ ಅವ್ವನ ಕೈ ಬಗ್ಗೆ ನೀವು ಬರದದ್ದು ಅಲ್ಲೇ ನೆನಪಾತು. ಅಕಿ ಮುಂದ ಅಳಬಾರದು ಅಂತ ಎದ್ದು ಹೊರಗ ಬಂದೆ.

ಹೊಲದ ಮಾತಿಗೆ ಅಕಿ ಬ್ಯಾಡ ಅನ್ನಲಿಲ್ಲ. "ಕೊಡ್ತೀನಂದ್ರ ಕೊಡು. ಮಗಳು ಎರಡು ಮಕ್ಕಳ ತಗೊಂಡು ನನ್ನ ಹತ್ರ ಬಂದಾಳ. ಆಸರ ಆಕ್ಕೈತಿ," ಅಂದ್ಲು. ಇಷ್ಟು ಅನ್ನಾಕ ಅಕಿಗೆ 39 ವರ್ಷ ಹಿಡೀತು, ಅದೂ ನಾನು ಕೇಳಿದ್ದಕ್ಕ.

ಸಣ್ಣಾವ ಒಪ್ಪ್ಯಾನ. ದೊಡ್ಡಾವ ಇನ್ನೂ ಒಪ್ಪಿಲ್ಲ, ಬ್ಯಾಡ ಅಂತಾನೂ ಅಂದಿಲ್ಲ. ಪತ್ರ ತೋರಿಸು ಅಂದ. ಈ ವರ್ಷದ ಎರಡು ಚೀಲ ಸಿರುಗುಪ್ಪಕ್ಕ ಒಯ್ದು ಇಳಿಸಿದಾವ ಅವನ.

ವಕೀಲ ಸಾಹೇಬರ, ನಾಕು ಎಕರೆದಾಗ ಎರಡು ಎಕರೆ ಮಾತ್ರ ಬರಕೊಡಬೇಕಂದ್ರ ಮೊದಲು ಏನು ಮಾಡಬೇಕು?

ಜೋಳದ ತೆನೆ · ರಾತ್ರಿ 9:20

ಅಣ್ಣಾರ, ನಾನೂ ನಾಳೆ ನಮ್ಮ ಅಣ್ಣನ ಬಾಗಲಕ ಹೋಗಾಂವ ಅದೀನಿ. ಅವತ್ತು ಏನಂದೆ ಅಂತ ನನಗ ನೆನಪಿಲ್ಲ, ನೀವ ಹೇಳ್ರಿ, ಅದು ನಂದ ಅಂತ ಒಪ್ಪಿಕೋತೀನಿ, ಅಂತ ಅತ್ತಿಗಿಗೆ ಹೇಳ್ತೀನಿ.

ಬಳ್ಳಾರಿ ವಕೀಲ · ರಾತ್ರಿ 9:47

ಕಾರಟಗಿ ಸರ್, ಒಂದೇ ಸರ್ವೆ ನಂಬರಿನ ಒಂದು ಭಾಗವನ್ನು ದಾನಪತ್ರ ಮಾಡಬೇಕಾದರೆ ಮೊದಲು 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಗುರುತಿಸಿದ ನಕ್ಷೆ ಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡಿ, ಪಹಣಿ ಜೊತೆಗಿರಲಿ. ಸರ್ವೆಯರ್ ಬಂದು ಅಳತೆ ಮಾಡುತ್ತಾರೆ. ನಕ್ಷೆ ಕೈಗೆ ಬಂದ ಮೇಲೆ ನೋಂದಣಿ. ಪತ್ರದ ವಿಷಯವನ್ನು ದಾನಪತ್ರದ ಪೀಠಿಕೆಯಲ್ಲೇ ಬರೆಸಿ, ತಾರೀಖು ಸಮೇತ. ಮಕ್ಕಳಿಬ್ಬರೂ ಸಾಕ್ಷಿ ಹಾಕಿದರೆ ಒಳ್ಳೆಯದು. ದೊಡ್ಡ ಮಗನಿಗೆ ಅವಸರ ಮಾಡಬೇಡಿ.

ಕಾರಟಗಿ ಕಾಲುವೆ · ರಾತ್ರಿ 10:02

ಆತ್ರಿ. ಎರಡನೇ ಬೆಳಿ ಹೊಲದಾಗ ನಿಂತೈತಿ. ಕೊಯ್ಲು ಮುಗದು ಗದ್ದಿ ಒಣಗಲಿ, ಅಳತಿಗೆ ಸರಪಳಿ ಎಳಿಯಾಕ ಬರ್ತೈತಿ. ಅರ್ಜಿ ಸೋಮವಾರನ ಕೊಡ್ತೀನಿ.